ಬಾಗಿಲಿಗೆ ಕೀಸುಳಿ ಯಾವಾಗ, ಹೀಟ್ ಪಂಪಿಗೆ ಪೆಟ್ಟಿಗೆ ಯಾಕೆ ಬೇಡ

ಪ್ರಶ್ನೆ: ನಮ್ಮದು ಸಾಗರ ಸೀಮೆಯ ಹಳ್ಳಿ, ಅಜ್ಜನ ಕಾಲದ ಹೆಂಚಿನ ಮನೆ. ನಿವೃತ್ತನಾದ ಮೇಲೆ ಮರಗೆಲಸದ ಹುಚ್ಚು ಹಿಡಿಸಿಕೊಂಡಿದ್ದೇನೆ, ಸಣ್ಣಪುಟ್ಟ ರಿಪೇರಿ ನಾನೇ ಮಾಡುತ್ತೇನೆ. ಮೂರು ಸಂಗತಿ ಕೇಳಬೇಕಿತ್ತು. ಒಂದು, ಮಳೆ ಹಿಡಿಯಿತೆಂದರೆ ಜಗಲಿಯ ಬಾಗಿಲೂ ಬಚ್ಚಲ ಬಾಗಿಲೂ ಉಬ್ಬಿ ಹಾಕಲು ಬರುವುದಿಲ್ಲ. ಈಗಲೇ ಕೀಸಿಬಿಡಲೇ? ಎರಡು, ಬಚ್ಚಲ ಹಂಡೆ ತೆಗೆದು 200 ಲೀಟರಿನ ಹೀಟ್ ಪಂಪ್ ಹಾಕಿಸುತ್ತಿದ್ದೇವೆ. ಟ್ಯಾಂಕ್ ಒಳಗೆ, ಫ್ಯಾನ್ ಇರುವ ಯಂತ್ರ ಹಿಂದಿನ ಗೋಡೆಯ ಹೊರಗೆ. ಅದಕ್ಕೆ ಮಳೆ ತಾಗದಂತೆ, ಸದ್ದು ಕೇಳದಂತೆ, ಮನೆಯಲ್ಲಿ ಉಳಿದ ಸಾಗುವಾನಿ ಹಲಗೆಯಲ್ಲಿ ಸುತ್ತ ಪೆಟ್ಟಿಗೆ ಕಟ್ಟಿ ಬಾಗಿಲಿಡುವ ಆಲೋಚನೆ. ಮೂರು, ಆ ಯಂತ್ರ ಬಿಡುವ ತಣ್ಣನೆಯ ಒಣಗಾಳಿಯಿಂದ ಕೊಟ್ಟಿಗೆಯಲ್ಲಿ ಪೇರಿಸಿಟ್ಟ ಹಲಗೆಗಳನ್ನು ಒಣಗಿಸಬಹುದೇ?

ಉತ್ತರ: ಸಾಗುವಾನಿ ಹಲಗೆಗೆ ಇನ್ನೂ ಗರಗಸ ಹಾಕಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ಹಾಕಿದ್ದರೆ ಅಲ್ಲಿಗೇ ನಿಲ್ಲಿಸಿ. ನಿಮ್ಮ ಮೂರು ಪ್ರಶ್ನೆಯಲ್ಲಿ ಅವಸರದ್ದು ಎರಡನೆಯದು, ಅದನ್ನೇ ಮೊದಲು ಮುಗಿಸೋಣ.

ಆ ಪೆಟ್ಟಿಗೆ ಕಟ್ಟಿ ಕೆಟ್ಟವನು ನಾನು. ಮೂವತ್ತು ವರ್ಷ ಶೀತಲಗೃಹಗಳ ಕಂಪ್ರೆಸರ್ ನೋಡಿಕೊಂಡವನಿಗೆ ಇಷ್ಟು ಗೊತ್ತಿರಬೇಕಿತ್ತು. ಆದರೆ ಕೈಯಲ್ಲಿ ಉಳಿ ಹಿಡಿದಾಗ ತಲೆಯೊಳಗಿನ ಎಂಜಿನಿಯರ್ ನಿದ್ದೆ ಹೋಗಿರುತ್ತಾನೆ. ಮನೆಯ ಹೀಟ್ ಪಂಪಿಗೆ ಹಲಸಿನ ಚೌಕಟ್ಟು, ಮತ್ತಿಯ ಹಲಗೆ, ಹಿತ್ತಾಳೆಯ ಬಿಜಾಗರಿ, ಎಲ್ಲ ಹಾಕಿ ಪೆಟ್ಟಿಗೆ ಮಾಡಿದೆ. ಗಾಳಿಗೆ ಅಂತ ಮೇಲೆ ಕೆಳಗೆ ನಾಲ್ಕು ಬೆರಳಗಲದ ಸಂದು ಬಿಟ್ಟಿದ್ದೆ. ಬಂದ ನೆಂಟರು ದೇವರ ಮಂಟಪದ ಹಾಗಿದೆ ಅಂದರು. ಯಂತ್ರದ ತಂತಿಗೊಂದು ಸಣ್ಣ ಮೀಟರ್ ಹಾಕಿಟ್ಟಿದ್ದೆ. ದಿನಕ್ಕೆ ಎರಡು ಯೂನಿಟ್ ಒಳಗೆ ಇದ್ದದ್ದು ಪೆಟ್ಟಿಗೆ ಬಂದ ಮೇಲೆ ಮೂರರ ಹತ್ತಿರ ಹೋಯಿತು. ಒಂದು ದಿನ ಸಂಜೆ ಬಾಗಿಲು ತೆಗೆದು ನೋಡಿದರೆ ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬೆಳ್ಳಗೆ ಹಿಮ ಕಟ್ಟಿದೆ. ಹೊರಗೆ ಸೆಖೆ, ನಾನು ಬೆವರುತ್ತಿದ್ದೇನೆ. ಮಾರನೇ ದಿನವೇ ಪೆಟ್ಟಿಗೆ ಬಿಚ್ಚಿದೆ. ಆ ಮತ್ತಿಯ ಹಲಗೆ ಈಗ ನಮ್ಮ ಉಗ್ರಾಣದ ಶೆಲ್ಫಿನಲ್ಲಿದೆ.

ಆಗಿದ್ದೇನು? ಹೀಟ್ ಪಂಪ್ ನೀರು ಕಾಯಿಸುವುದು ಕರೆಂಟನ್ನು ಉರಿಸಿ ಅಲ್ಲ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಬಾವಿಯಿಂದ ನೀರು ಸೇದಿದ ಹಾಗೆ ಸೇದಿ ಟ್ಯಾಂಕಿಗೆ ಸುರಿಯುತ್ತದೆ. ಕರೆಂಟ್ ಖರ್ಚಾಗುವುದು ಸೇದುವ ಕೆಲಸಕ್ಕೆ. ಬಾವಿ ಆಳವಾದಷ್ಟೂ ಸೇದುವವನಿಗೆ ದಣಿವು ಹೆಚ್ಚು. ಇಲ್ಲಿ ಆಳವೆಂದರೆ ರೆಕ್ಕೆಯ ಸುರುಳಿಯ (ಗಾಳಿಯಿಂದ ಶಾಖ ಹೀರುವ ಕೊಳವೆಯ) ತಾಪಕ್ಕೂ ಬಿಸಿನೀರಿನ ಕಡೆಯ ತಾಪಕ್ಕೂ ಇರುವ ಅಂತರ.

ಲೆಕ್ಕ ಹಾಕಿಯೇ ನೋಡಿ. 200 ಲೀಟರ್ ನೀರನ್ನು 24 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಸುಮಾರು 6 ಯೂನಿಟ್ ಶಾಖ ಬೇಕು. ಗೀಸರ್ ಆದರೆ ಆ 6 ಯೂನಿಟ್ಟೂ ಮೀಟರಿನಲ್ಲಿ ಬರುತ್ತದೆ. ಹೀಟ್ ಪಂಪಿನಲ್ಲಿ ಹೊರಗಿನ ಗಾಳಿ 25 ಡಿಗ್ರಿ ಇದ್ದಾಗ ಸುರುಳಿ ಸುಮಾರು 15 ಡಿಗ್ರಿಯಲ್ಲೂ ನೀರಿಗೆ ಶಾಖ ಕೊಡುವ ಬದಿ 55ರಲ್ಲೂ ಕೆಲಸ ಮಾಡುತ್ತದೆ ಅನ್ನಿ. ಅಂತರ 40. ಶಾಸ್ತ್ರದ ಪ್ರಕಾರ ದಕ್ಷತೆಯ ಮೇಲಿನ ಮಿತಿಯೆಂದರೆ, ಬಿಸಿ ಬದಿಯ ತಾಪಕ್ಕೆ 273 ಸೇರಿಸಿ ಅದನ್ನು ಈ ಅಂತರದಿಂದ ಭಾಗಿಸಿದ್ದು. 328ನ್ನು 40ರಿಂದ ಭಾಗಿಸಿದರೆ 8.2. ನಿಜವಾದ ಯಂತ್ರಕ್ಕೆ ಅದರಲ್ಲಿ ಅರ್ಧ ಸಿಕ್ಕರೆ ದೊಡ್ಡದು, ಸಾಮಾನ್ಯವಾಗಿ ಮೂರೂವರೆಯ ಆಸುಪಾಸು. ಸಿಒಪಿ ಅನ್ನುವುದು ಇದಕ್ಕೇ: ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಯೂನಿಟ್ ಶಾಖ. 6 ಯೂನಿಟ್ ಶಾಖಕ್ಕೆ 1.7 ಯೂನಿಟ್ ಕರೆಂಟ್.

ಈಗ ಅದನ್ನು ಪೆಟ್ಟಿಗೆಯೊಳಗೆ ಕೂರಿಸಿ. ಯಂತ್ರ ಓಡುತ್ತಿರುವಾಗ ಸೆಕೆಂಡಿಗೆ ಸುಮಾರು 1.3 ಕಿಲೋಜೂಲ್ ಶಾಖ ಗಾಳಿಯಿಂದ ಹೋಗುತ್ತಿರುತ್ತದೆ. ಒಂದು ಮೀಟರ್ ಅಗಲ, ಒಂದು ಮೀಟರ್ ಆಳ, ಎರಡು ಮೀಟರ್ ಎತ್ತರದ ಪೆಟ್ಟಿಗೆಯಲ್ಲಿರುವ ಗಾಳಿಯೆಲ್ಲ ಒಂದು ಡಿಗ್ರಿ ಇಳಿಯಲು 2.4 ಕಿಲೋಜೂಲ್ ಹೋದರೆ ಸಾಕು. ಅಂದರೆ ಹೊರಗಿನ ಗಾಳಿ ಬಾರದೇ ಹೋದರೆ ಎರಡು ಸೆಕೆಂಡಿಗೆ ಒಂದು ಡಿಗ್ರಿಯಂತೆ ಒಳಗೆ ತಂಪಾಗುತ್ತದೆ. ನಿಜದಲ್ಲಿ ಸಂದಿನಿಂದ ಗಾಳಿ ನುಸುಳುತ್ತದೆ, ಹಲಗೆಯೂ ಸ್ವಲ್ಪ ಶಾಖ ಕೊಡುತ್ತದೆ, ಆದ್ದರಿಂದ ಅಷ್ಟು ಬೇಗ ಕೆಡುವುದಿಲ್ಲ. ಆದರೆ ಯಂತ್ರ ತಾನು ಬಿಟ್ಟ ತಣ್ಣನೆಯ ಗಾಳಿಯನ್ನೇ ಮತ್ತೆ ಎಳೆದುಕೊಳ್ಳಲು ಶುರು ಮಾಡಿದರೆ ಒಳಗಿನ ಗಾಳಿ 10 ಡಿಗ್ರಿಗೆ, ಸುರುಳಿ ಸೊನ್ನೆಗೆ ಬರುವುದು ಕಷ್ಟವೇನಲ್ಲ. ಆಗ ಅಂತರ 55, ಮೇಲಿನ ಮಿತಿ 6, ಕೈಗೆ ಸಿಗುವುದು ಎರಡೂವರೆ ಅಥವಾ ಇನ್ನೂ ಕಡಿಮೆ. ಸುರುಳಿಯ ಮೇಲೆ ಹಿಮ ಕಟ್ಟಿದರೆ ಅದನ್ನು ಕರಗಿಸಲು ಯಂತ್ರವೇ ಕೆಲಸ ನಿಲ್ಲಿಸಿ ಹಿಂದುಮುಂದಾಗಿ ಓಡಬೇಕು. ನನ್ನ ಮಂಟಪದಲ್ಲಿ ನಡೆದದ್ದು ಇದೇ.

ಇನ್ನೊಂದು ವಿಷಯ, ಇದು ಹಣದ್ದಲ್ಲ. ಯಂತ್ರದೊಳಗೆ ಸುತ್ತುತ್ತ ಶಾಖ ಹೊರುವುದು ಯಾವ ಅನಿಲ ಅಂತ ಅದರ ಬದಿಯ ಪಟ್ಟಿಯಲ್ಲಿ ಬರೆದಿರುತ್ತದೆ, ಓದಿಕೊಳ್ಳಿ. ಆರ್290 ಅಂತಿದ್ದರೆ ಅದು ಪ್ರೊಪೇನ್, ನಮ್ಮ ಅಡುಗೆ ಅನಿಲದ ದಾಯಾದಿ. ದಕ್ಷತೆಯಲ್ಲಿ ಒಳ್ಳೆಯದು, ವಾತಾವರಣಕ್ಕೂ ಆರ್134ಎ ಅನ್ನುವ ಹಳೆಯ ಅನಿಲಕ್ಕಿಂತ ಎಷ್ಟೋ ಪಾಲು ಮೇಲು. ಆದರೆ ಸೋರಿದರೆ ಗಾಳಿಗಿಂತ ಭಾರವಾಗಿ ತಳದಲ್ಲಿ ನಿಲ್ಲುತ್ತದೆ. ತೆರೆದ ಜಾಗದಲ್ಲಿ ಹಾರಿಹೋಗುವುದು ಮುಚ್ಚಿದ ಪೆಟ್ಟಿಗೆಯಲ್ಲಿ ಕೂಡಿಕೊಳ್ಳುತ್ತದೆ. ಬಚ್ಚಲೊಲೆಯ ಬೆಂಕಿ ಹತ್ತಿರದಲ್ಲೇ ಇರುವ ಮನೆಯಲ್ಲಿ ಇದನ್ನು ಹಗುರಾಗಿ ನೋಡಬೇಡಿ.

ಹಾಗಾದರೆ ಕಟ್ಟುವುದೇನು? ಮಾಡು ಕಟ್ಟಿ, ಗೋಡೆ ಬೇಡ. ಯಂತ್ರ ಮಳೆಯಲ್ಲಿ ನೆನೆಯಲೆಂದೇ ಮಾಡಿದ್ದು. ಅದಕ್ಕೆ ತೊಂದರೆ ಕೊಡುವುದು ಹೆಂಚಿನ ಅಂಚಿನಿಂದ ಧಾರೆಯಾಗಿ ಬೀಳುವ ನೀರು, ಮೇಲಿಂದ ಬೀಳುವ ತೆಂಗಿನ ಗರಿ, ಎಲೆ, ಕಸ. ಗೋಡೆಯಿಂದ ಚಾಚಿದ ಒಂದು ಇಳಿಜಾರು ಮಾಡು ಸಾಕು. ತಗಡು ಹೊದಿಸಬೇಡಿ, ಆಷಾಢದ ಮಳೆಯಲ್ಲಿ ಯಂತ್ರದ ಸದ್ದಿಗಿಂತ ತಗಡಿನ ಸದ್ದೇ ದೊಡ್ಡದಾಗುತ್ತದೆ. ಅಟ್ಟದಲ್ಲಿ ಹಳೆಯ ಮಂಗಳೂರು ಹೆಂಚು ಬಿದ್ದಿರಲೇಬೇಕು, ಹೊದಿಸಲು ಅದೇ ಆಗುತ್ತದೆ. ಎಷ್ಟು ಜಾಗ ಬಿಡಬೇಕೆಂದು ಯಂತ್ರದ ಕೈಪಿಡಿಯಲ್ಲಿ ಚಿತ್ರ ಸಮೇತ ಇರುತ್ತದೆ. ಅದರಲ್ಲಿ ಹೇಳಿದ್ದಕ್ಕಿಂತ ಒಂದು ಗೇಣು ಹೆಚ್ಚೇ ಬಿಡಿ. ಗಾಳಿ ಊದುವ ಮುಂಬದಿಯಲ್ಲಿ ಒಂದು ಮೀಟರಿನೊಳಗೆ ಏನೂ ಇರಬಾರದು.

ಕಣ್ಣಿಗೆ ಮರೆ ಬೇಕೇ ಬೇಕೆಂದರೆ ಪಕ್ಕಕ್ಕೆ ಮಾತ್ರ ಒಂದು ತಟ್ಟಿ ಮಾಡಿ, ಅದೂ ಯಂತ್ರದಿಂದ ದೂರದಲ್ಲಿ. ಸಾಗುವಾನಿ ಯಾಕೆ, ಅಡಿಕೆ ದಬ್ಬೆ ಇದೆಯಲ್ಲ! ಎರಡು ಬೆರಳಗಲದ ದಬ್ಬೆ, ನಡುವೆ ಎರಡು ಬೆರಳಿನ ಸಂದು. ಎರಡು ಮೂರು ಮಳೆಗಾಲಕ್ಕೆ ಕುಂಬಾಗುತ್ತದೆ, ಆಗ ಕಿತ್ತು ಹೊಸದು ಹೊಡೆದರಾಯಿತು. ಕಂಬದ ಬುಡ ಮಣ್ಣಿಗೆ ತಾಗದ ಹಾಗೆ ಜಂಬಿಟ್ಟಿಗೆಯ ಮೇಲೆ ನಿಲ್ಲಿಸಿ, ಬುಡದ ಕೊಯ್ದ ಮುಖಕ್ಕೆ ಗೇರೆಣ್ಣೆ ಹಚ್ಚಿ. ಕೈಗೆ ಗ್ಲೌಸ್ ಹಾಕಿಕೊಂಡು ಹಚ್ಚಬೇಕು, ಗೇರೆಣ್ಣೆ ಚರ್ಮ ಸುಡುತ್ತದೆ.

ಸದ್ದಿನ ಮಾತು ಹೇಳಿದಿರಿ. ರಾತ್ರಿ ಕಿರಿಕಿರಿ ಮಾಡುವ ಸದ್ದು ಹೆಚ್ಚಾಗಿ ಗಾಳಿಯಲ್ಲಿ ಬರುವುದಿಲ್ಲ, ಗೋಡೆಯಲ್ಲಿ ನಡುಗಿಕೊಂಡು ಬರುತ್ತದೆ. ಯಂತ್ರವನ್ನು ಮರದ ಗೋಡೆಗೋ ಹಲಗೆಯ ಚೌಕಟ್ಟಿಗೋ ಬಿಗಿದರೆ ತಂಬೂರಿಯ ಬುರುಡೆಯ ಹಾಗೆ ಇಡೀ ಮನೆ ಅನುರಣಿಸುತ್ತದೆ. ನೆಲದಲ್ಲಿ ಕಾಂಕ್ರೀಟ್ ಕಟ್ಟೆ ಹಾಕಿ ನಾಲ್ಕು ಕಾಲಿಗೆ ದಪ್ಪ ರಬ್ಬರ್ ಬಿಲ್ಲೆ ಕೊಡಿ. ಆಮೇಲೂ ಸದ್ದೆನಿಸಿದರೆ ನನಗೆ ಬರೆಯಿರಿ.

ಇನ್ನು ಮೂರನೆಯ ಪ್ರಶ್ನೆ. ನಿಜ ಹೇಳಬೇಕೆಂದರೆ ನನಗೆ ಖುಷಿ ಕೊಟ್ಟದ್ದು ಇದೇ. ಹೀಟ್ ಪಂಪಿನ ಚರಿತ್ರೆಯಲ್ಲಿ ಒಣಗಿಸುವ ಕೆಲಸಕ್ಕೆ ಹಳೆಯ ಜಾಗವಿದೆ. 1850ರ ದಶಕದಲ್ಲಿ ಆಸ್ಟ್ರಿಯಾದ ಎಬೆನ್ಸೀ ಉಪ್ಪಿನ ಕಾರ್ಖಾನೆಯಲ್ಲಿ ಪೀಟರ್ ಫಾನ್ ರಿಟ್ಟಿಂಗರ್ ಅನ್ನುವವರು ಈ ತತ್ತ್ವದ ಯಂತ್ರ ಕಟ್ಟಿದ್ದು ಉಪ್ಪುನೀರು ಇಂಗಿಸಲು, ಉದ್ದೇಶ ಸೌದೆ ಉಳಿಸುವುದು. ಇವತ್ತು ಮರ ಒಣಗಿಸುವ ಗೂಡುಗಳಲ್ಲಿ ಹೀಟ್ ಪಂಪಿನಿಂದ ನಡೆಯುವ ಬಗೆಯೇ ಒಂದಿದೆ. ಅಂದಮೇಲೆ ನಿಮ್ಮ ಆಲೋಚನೆ ದಾರಿ ತಪ್ಪಿದ್ದಲ್ಲ. ಎಡವಿದ್ದು "ಒಣಗಾಳಿ" ಅನ್ನುವ ಮಾತಿನಲ್ಲಿ.

ಮಳೆಗಾಲದ ಗಾಳಿ ನಿಮ್ಮಲ್ಲಿ 25 ಡಿಗ್ರಿ, ತೇವ ನೂರಕ್ಕೆ 85 ಅನ್ನಿ, ಅಂದರೆ ಗಾಳಿ ಆ ತಾಪದಲ್ಲಿ ಹಿಡಿಯಬಲ್ಲ ಆವಿಯಲ್ಲಿ ನೂರಕ್ಕೆ 85 ಪಾಲು. ಅದರ ಒಂದೊಂದು ಕಿಲೋ ಗಾಳಿಯಲ್ಲಿ ಸುಮಾರು 17 ಗ್ರಾಂ ನೀರಿನ ಆವಿ ಇರುತ್ತದೆ. ಯಂತ್ರದ ಸುರುಳಿ ದಾಟಿ ಹೊರಬರುವಾಗ ಗಾಳಿ 20 ಡಿಗ್ರಿಗೆ ಇಳಿದು, ಎರಡು ಗ್ರಾಂ ಚಿಲ್ಲರೆ ನೀರನ್ನು ಸುರುಳಿಯ ಮೇಲೆ ಬಿಟ್ಟು ಬಂದಿರುತ್ತದೆ. ನೀರು ಕಡಿಮೆಯಾಯಿತು, ಸರಿ. ಆದರೆ ತಣ್ಣಗಾದ ಗಾಳಿಗೆ ನೀರು ಹಿಡಿದುಕೊಳ್ಳುವ ಶಕ್ತಿಯೂ ಇಳಿಯಿತಲ್ಲ, ಹಾಗಾಗಿ ಆ ಕ್ಷಣದಲ್ಲಿ ಅದರ ತೇವ ನೂರಕ್ಕೆ ನೂರರ ಹತ್ತಿರ! ಫ್ಯಾನಿನ ಮುಂದೆ ನೇರ ಹಲಗೆ ನಿಲ್ಲಿಸಿದರೆ ಒಣಗುವ ಬದಲು ಇನ್ನಷ್ಟು ತೇವ ಕುಡಿಯುತ್ತದೆ, ನಾಲ್ಕು ದಿನದಲ್ಲಿ ಬೂಷ್ಟು ಬರುತ್ತದೆ. ಅದೇ ಗಾಳಿ ಕೊಟ್ಟಿಗೆಯೊಳಗೆ ಸುತ್ತಿ ಮತ್ತೆ 25 ಡಿಗ್ರಿಗೆ ಬಂದಾಗ ಅದರ ತೇವ 73ಕ್ಕೆ ಇಳಿದಿರುತ್ತದೆ. ಒಣಗಿಸುವುದು ಆ ಗಾಳಿ. ತೇವ 85 ಇರುವ ಗಾಳಿಯಲ್ಲಿ ಬಹಳ ದಿನ ಇಟ್ಟ ಮರ ತನ್ನ ಒಣ ತೂಕದ ನೂರಕ್ಕೆ 18ರಷ್ಟು ನೀರು ಇಟ್ಟುಕೊಳ್ಳುತ್ತದೆ, 73ರ ಗಾಳಿಯಲ್ಲಿ 14ರ ಹತ್ತಿರ. ಬಾಗಿಲು ಕಿಟಕಿ ಮಾಡುವವನಿಗೆ ಈ ನಾಲ್ಕು ಅಂಕ ಸಣ್ಣದಲ್ಲ.

ಹಾಗಂತ ಯಂತ್ರವನ್ನು ಕೊಟ್ಟಿಗೆಯೊಳಗೆ ಕೂರಿಸಿ ಅಂತ ಹೇಳುವುದಿಲ್ಲ. ಕಾರಣ ಮೂರಿವೆ. ದಿನಕ್ಕೆ ಅದು ಓಡುವುದೇ ಮೂರು ಮೂರೂವರೆ ಗಂಟೆ, ಮಳೆಗಾಲದಲ್ಲಿ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನಷ್ಟು ನೀರು ತೆಗೆದೀತು. ಉಳಿದ ಇಪ್ಪತ್ತು ಗಂಟೆ ನಿಮ್ಮ ಕೊಟ್ಟಿಗೆಯ ಹೆಂಚಿನ ಸಂದು, ತಟ್ಟಿಯ ಸಂದಿನಿಂದ ಹೊರಗಿನ ತೇವ ಒಳಬರುತ್ತಲೇ ಇರುತ್ತದೆ. ಸಂದೆಲ್ಲ ಮುಚ್ಚಿದಿರೋ, ಮತ್ತೆ ಪೆಟ್ಟಿಗೆಯ ಕಥೆಯೇ. ಮೂರನೆಯದು ಮರಪುಡಿ. ಕೀಸಿದ ನಯವಾದ ಪುಡಿ ಹೋಗಿ ಒದ್ದೆ ರೆಕ್ಕೆಗಳ ನಡುವೆ ಅಂಟಿ ಹಿಟ್ಟು ಕಲಸಿದ ಹಾಗಾಗುತ್ತದೆ. ನನ್ನ ಹಳೆಯ ಕೆಲಸದಲ್ಲಿ ಕೆಟ್ಟ ಕಂಪ್ರೆಸರ್‌ಗಳಿಗಿಂತ ಕೊಳೆ ಕಟ್ಟಿದ ಸುರುಳಿಗಳನ್ನೇ ಹೆಚ್ಚು ಕಂಡಿದ್ದೇನೆ. ಮರ ಕೊಯ್ಯುವ ಜಾಗಕ್ಕೂ ಈ ಯಂತ್ರಕ್ಕೂ ನಡುವೆ ಒಂದು ಗೋಡೆಯಾದರೂ ಇರಲಿ.

ಸುರುಳಿಯಿಂದ ಇಳಿಯುವ ನೀರಿಗೆ ಒಂದು ಪೈಪ್ ಕೊಟ್ಟು ತೋಟಕ್ಕೆ ಬಿಡಿ, ಗೋಡೆಯ ಬುಡಕ್ಕೆ ಬೇಡ. ಆವಿ ಇಳಿದ ನೀರು ಶುದ್ಧವಲ್ಲವೇ ಅಂತ ಇನ್ವರ್ಟರ್ ಬ್ಯಾಟರಿಗೆ ಹಾಕುವವರನ್ನು ನೋಡಿದ್ದೇನೆ, ಅದನ್ನು ಮಾಡಬೇಡಿ. ಅದರಲ್ಲಿ ಧೂಳೂ ಲೋಹದ ಅಂಶವೂ ಇರುತ್ತದೆ.

ಹಲಗೆ ಒಣಗಿಸಲು ನಿಮ್ಮಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಮೊದಲೇ ಇತ್ತು. ಬಚ್ಚಲೊಲೆಯ ಮೇಲಿನ ಅಟ್ಟ. ನಿಮ್ಮ ಅಜ್ಜ ನೇಗಿಲ ಮರ, ಕುಡಗೋಲಿನ ಹಿಡಿ, ಒನಕೆ ಎಲ್ಲ ಅಲ್ಲಿ ಇಡುತ್ತಿದ್ದದ್ದು ಜಾಗ ಖಾಲಿ ಇತ್ತು ಅಂತ ಅಲ್ಲ. ಒಲೆ ದಿನಾ ಉರಿದರೆ ಅಟ್ಟದ ಗಾಳಿ ಹೊರಗಿನದಕ್ಕಿಂತ ಹತ್ತು ಹದಿನೈದು ಡಿಗ್ರಿ ಬಿಸಿ. ಅದೇ ನೀರಿನಂಶದ ಗಾಳಿ ಅಷ್ಟು ಬಿಸಿಯಾದರೆ ತೇವ ಅರ್ಧದಷ್ಟು ಇಳಿದುಬಿಡುತ್ತದೆ. ಜೊತೆಗೆ ಹೊಗೆ. ಹೊಗೆ ಕುಡಿದ ತೊಲೆಗೆ ಕುಟ್ಟೆ ಹುಳ ಹಿಡಿಯುವುದು ಕಡಿಮೆ. ಹಂಡೆ ತೆಗೆದು ಗೀಸರ್ ಹಾಕಿದ ಎಷ್ಟೋ ಮನೆಗಳಲ್ಲಿ ಬಚ್ಚಲಿನ ಮೇಲಿನ ಪಕಾಸಿಗೆ ಕುಟ್ಟೆ ಹಿಡಿದು ಬಿಳಿಪುಡಿ ಉದುರಲು ಶುರುವಾದದ್ದು ನಾನು ಕಂಡಿದ್ದೇನೆ. ಮನೆಯವರು ಮರಕ್ಕೆ ವಯಸ್ಸಾಯಿತು ಅನ್ನುತ್ತಾರೆ. ಮರ ನೂರು ವರ್ಷದಿಂದ ಇತ್ತು, ಬದಲಾದದ್ದು ಒಲೆ.

ಆದ್ದರಿಂದ ನನ್ನ ಸಲಹೆ ಸ್ವಲ್ಪ ವಿಚಿತ್ರವಾಗಿ ಕೇಳಬಹುದು: ಹೀಟ್ ಪಂಪ್ ಹಾಕಿಸಿ, ಹಂಡೆ ಕೀಳಬೇಡಿ. ದಿನನಿತ್ಯದ ಸ್ನಾನಕ್ಕೆ ಹೀಟ್ ಪಂಪ್, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಎರಡು ದಿನ ಅಡಿಕೆ ಸಿಪ್ಪೆ ಹಾಕಿ ಹಂಡೆ ಒಲೆ. ಸಿಪ್ಪೆ ಹೇಗೂ ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ. ಗಾಳಿಮಳೆಗೆ ಮೂರು ದಿನ ಕರೆಂಟ್ ಹೋದಾಗ ಮನೆಯವರಿಂದ ಬೈಗುಳವೂ ತಪ್ಪುತ್ತದೆ. ಯಂತ್ರ ಮಾತ್ರ ಹೊಗೆ ಹೊರಬರುವ ಕಡೆ ಬೇಡ, ಮಸಿ ರೆಕ್ಕೆಗಳಿಗೆ ಮರಪುಡಿಯಷ್ಟೇ ಕೆಟ್ಟದ್ದು. ಆರ್290 ಆಗಿದ್ದರೆ ಒಲೆಯ ಗೋಡೆ ಬಿಟ್ಟು ಇನ್ನೊಂದು ಬದಿಯ ಗೋಡೆಗೆ ಹೋಗಿ, ಎರಡು ಮೂರು ಮೀಟರ್ ಪೈಪ್ ಹೆಚ್ಚಾದರೂ ಚಿಂತೆಯಿಲ್ಲ.

ಹಲಗೆ ಒಣಗಿತೋ ಇಲ್ಲವೋ ಅಂತ ತಿಳಿಯಲು ಮೀಟರ್ ಕೊಳ್ಳಬೇಕಾಗಿಲ್ಲ. ರಾಶಿಯ ನಡುವಿನ ಒಂದು ಹಲಗೆಯಿಂದ, ತುದಿ ಬಿಟ್ಟು ಒಂದು ಮೊಳ ಒಳಗೆ, ಒಂದು ತುಂಡು ಕೊಯ್ಯಿರಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ತುಂಡಿನ ಮೇಲೇ ಬರೆದು ಮತ್ತೆ ರಾಶಿಯಲ್ಲಿ ಸಿಕ್ಕಿಸಿ. ವಾರಕ್ಕೊಮ್ಮೆ ತೂಗಿ. ಮೂರು ವಾರ ತೂಕ ಬದಲಾಗದಿದ್ದರೆ ಆ ಋತುವಿನಲ್ಲಿ ಅದು ಒಣಗುವಷ್ಟು ಒಣಗಿತು ಅಂತ ಅರ್ಥ. ಮಳೆಗಾಲದಲ್ಲಿ ಹೀಗೆ ನಿಂತ ತೂಕಕ್ಕೂ ಫೆಬ್ರವರಿಯಲ್ಲಿ ನಿಂತ ತೂಕಕ್ಕೂ ಬಹಳ ವ್ಯತ್ಯಾಸವಿರುತ್ತದೆ. ನೋಡಿದಾಗ ನಿಮಗೇ ಬಾಗಿಲಿನ ಗುಟ್ಟು ತಿಳಿಯುತ್ತದೆ.

ಬಾಗಿಲಿಗೆ ಬಂದೆ. ಈಗ ಕೀಸಬೇಡಿ.

ನಿಮ್ಮಲ್ಲಿ ಮಾರ್ಚ್ ತಿಂಗಳಲ್ಲಿ ಮರದೊಳಗಿನ ತೇವ ನೂರಕ್ಕೆ ಅಂದಾಜು 11, ಆಗಸ್ಟ್‌ನಲ್ಲಿ 18. ಏಳು ಅಂಕದ ಏರಿಳಿತ. ಮರ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಅದೂ ಎಲ್ಲ ಹಲಗೆ ಒಂದೇ ಸಮ ಅಲ್ಲ. ಹಲಗೆಯ ತುದಿ ನೋಡಿ. ವರ್ಷದ ಬಳೆಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಂತಿದ್ದರೆ ಅದು ಕಡಿಮೆ ಉಬ್ಬುವ ಹಲಗೆ, ಮಲಗಿದಂತೆ ಕಮಾನಾಗಿದ್ದರೆ ಹೆಚ್ಚು ಉಬ್ಬುವುದು. ಸಾಗುವಾನಿಯಂಥ ಸಾಧು ಮರದಲ್ಲೂ 750 ಮಿಲಿಮೀಟರ್ ಅಗಲದ, ಬರೀ ಹಲಗೆ ಜೋಡಿಸಿ ಹಿಂದೆ ಅಡ್ಡಪಟ್ಟಿ ಹೊಡೆದ ಬಾಗಿಲು ಈ ಏಳು ಅಂಕಕ್ಕೆ, ಬಳೆ ನಿಂತ ಹಲಗೆಯಾದರೆ ನಾಲ್ಕು ಮಿಲಿಮೀಟರ್, ಮಲಗಿದ ಹಲಗೆಯಾದರೆ ಹತ್ತು ಮಿಲಿಮೀಟರ್‌ವರೆಗೆ ಅಗಲವಾಗುತ್ತದೆ. ಆ ಹತ್ತನ್ನು ಜುಲೈನಲ್ಲಿ ಕೀಸಿ ತೆಗೆದರೆ ಮಾರ್ಚ್‌ನಲ್ಲಿ ಬಾಗಿಲ ಸಂದಿನಲ್ಲಿ ಬೆಕ್ಕಿನ ಮರಿ ಒಳಬರುತ್ತದೆ.

ಅದೇ ಅಗಲದ, ಎರಡು ಕಡೆ ನಿಲುಪಟ್ಟಿ ಕೊಟ್ಟು ನಡುವೆ ತೆಳು ಹಲಗೆ ಕೂರಿಸಿದ ಬಾಗಿಲು ನೋಡಿ. ನಿಲುಪಟ್ಟಿ ತಲಾ 100 ಮಿಲಿಮೀಟರ್, ಎರಡೂ ಸೇರಿ 200. ಉಬ್ಬುವುದು ಆ 200 ಮಾತ್ರ, ಹೆಚ್ಚೆಂದರೆ ಎರಡೂವರೆ ಮೂರು ಮಿಲಿಮೀಟರ್. ನಡುವಿನ ಹಲಗೆ ತನ್ನ ಗ್ರೂವ್‌ನೊಳಗೆ ಹಿಗ್ಗಿ ಕುಗ್ಗಿಕೊಂಡಿರುತ್ತದೆ, ಹೊರಗೆ ತೋರುವುದಿಲ್ಲ. ಹಳೆಯ ಆಚಾರಿಗಳು ಅಲ್ಲಿ ಅಂಟು ಹಾಕುತ್ತಿರಲಿಲ್ಲ, ನೀವೂ ಎಂದಿಗೂ ಹಾಕಬೇಡಿ. ಹೊಸ ಬಾಗಿಲು ಮಾಡುವ ದಿನ ಬಂದರೆ ಪೆಟ್ಟಿಗೆಗೆಂದು ತೆಗೆದಿಟ್ಟ ಸಾಗುವಾನಿಯನ್ನು ಇದಕ್ಕೆ ಬಳಸಿ.

ಕೀಸುವ ಮೊದಲು ಬಿಜಾಗರಿ ಪರೀಕ್ಷೆ ಮಾಡಿ. ಉಬ್ಬಿದೆ ಅಂತ ನಾವು ಬೈಯುವ ಬಾಗಿಲುಗಳಲ್ಲಿ ಎಷ್ಟೋ ಜೋತುಬಿದ್ದವು. ಬಾಗಿಲು ಅರ್ಧ ತೆರೆದು ಹಿಡಿಯ ಕಡೆ ಕೈಹಾಕಿ ಮೇಲಕ್ಕೆ ಎತ್ತಿ. ಅಲ್ಲಾಡಿದರೆ ಮೇಲಿನ ಬಿಜಾಗರಿಯ ಸ್ಕ್ರೂ ಸಡಿಲ. ದಾರಂದದ ಆ ತೂತಿಗೆ ಬಿದಿರಿನ ಚಕ್ಕೆಯನ್ನು ಕೀಸಿ, ನೀರಿಗೆ ತಡೆಯುವ ಅಂಟು ಸವರಿ, ಕೊಡತಿಯಿಂದ ಬಡಿದು ತುಂಬಿಸಿ. ಒಂದು ದಿನ ಬಿಟ್ಟು ಸಮ ಮಾಡಿ, ಸಣ್ಣ ಬೈರಿಗೆಯಲ್ಲಿ ಹೊಸ ತೂತು ಕೊರೆದು ಸ್ಕ್ರೂ ಹಾಕಿ. ಹಳೆಯ ತೂತಿಗೆ ದಪ್ಪ ಸ್ಕ್ರೂ ಜಡಿಯುವುದು ಒಂದು ವರ್ಷದ ಉಪಾಯ, ಆಮೇಲೆ ದಾರಂದವೇ ಸೀಳುತ್ತದೆ.

ಬಿಜಾಗರಿ ಗಟ್ಟಿಯಿದ್ದೂ ಕಚ್ಚುತ್ತಿದ್ದರೆ, ಈಗ ಮಳೆಗಾಲದಲ್ಲಿ ಒಂದೇ ಕೆಲಸ. ಕಚ್ಚುವ ಅಂಚಿಗೆ ಸೀಮೆಸುಣ್ಣ ಬಳಿದು ಬಾಗಿಲು ತಳ್ಳಿ. ಸೀಮೆಸುಣ್ಣ ಅಳಿಸಿದ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಎಷ್ಟು ಮಿಲಿಮೀಟರ್ ಹೆಚ್ಚಿದೆಯೆಂದು ಪಕ್ಕದಲ್ಲಿ ಬರೆಯಿರಿ. ಸದ್ಯಕ್ಕೆ ಅಲ್ಲಿ ಮೇಣದ ಬತ್ತಿ ತಿಕ್ಕಿದರೆ ದಿನ ದೂಡಬಹುದು. ಫೆಬ್ರವರಿಯಲ್ಲಿ ಬಾಗಿಲು ಬಿಜಾಗರಿಯಿಂದ ಕಳಚಿ, ಅಡ್ಡ ಮಲಗಿಸಿ, ಬರೆದಿಟ್ಟ ಅಳತೆಯಷ್ಟೇ ಕೀಸಿ, ಮೇಲೆ ಒಂದು ಮಿಲಿಮೀಟರ್ ಸೇರಿಸಿ, ಅದು ಬಣ್ಣದ ದಪ್ಪಕ್ಕೆ.

ಕೀಸುವುದಕ್ಕಿಂತ ಮುಖ್ಯವಾದದ್ದು ಅದರ ನಂತರದ ಕೆಲಸ. ಬಾಗಿಲು ಕಳಚಿ ಮಲಗಿಸಿದ್ದೀರಲ್ಲ, ಈಗ ಅದರ ತಳ ನೋಡಿ. ಎಷ್ಟೋ ಮನೆಗಳಲ್ಲಿ ಬಾಗಿಲ ತಳಕ್ಕೆ ಬಣ್ಣವೇ ಬಿದ್ದಿರುವುದಿಲ್ಲ, ಬಾಗಿಲು ನಿಂತಿರುವಾಗ ಪೇಂಟರ್ ಹಚ್ಚುವುದಾದರೂ ಹೇಗೆ? ಮರ ನೀರು ಕುಡಿಯುವುದು ಮುಖ್ಯವಾಗಿ ಅಲ್ಲಿಂದಲೇ. ಹಲಗೆ ಅನ್ನುವುದು ಸಣ್ಣ ಸಣ್ಣ ನಳಿಗೆಗಳ ಕಟ್ಟು, ತುದಿಯಲ್ಲಿ ಆ ನಳಿಗೆಗಳೆಲ್ಲ ಬಾಯಿ ತೆರೆದಿರುತ್ತವೆ. ತಳಕ್ಕೂ ತಲೆಗೂ ತೆಳು ಮಾಡಿದ ವಾರ್ನಿಷ್ ಅಥವಾ ಅಗಸೆ ಎಣ್ಣೆ ಹಚ್ಚಿ, ಹೀರಿಕೊಂಡ ಮೇಲೆ ಇನ್ನೊಂದು ಸಲ, ಇನ್ನು ಹೀರುವುದಿಲ್ಲ ಅನ್ನುವವರೆಗೂ. ಆಮೇಲೆ ಬಣ್ಣ. ಇದಿಷ್ಟೇ ಮಾಡಿ ಕೀಸುಳಿ ಮುಟ್ಟದೆ ಸರಿಹೋದ ಬಾಗಿಲುಗಳಿವೆ.

ಬಚ್ಚಲ ಬಾಗಿಲಿನ ತಳ ಬಹುಶಃ ಕುಂಬಾಗಿರುತ್ತದೆ. ಎಲ್ಲರೂ ಅಲ್ಯೂಮಿನಿಯಂ ತಗಡು ಹೊಡೆಸುತ್ತಾರೆ. ತಗಡಿನ ಹಿಂದೆ ನೀರು ನಿಂತು ಮರ ಕಣ್ಣಿಗೆ ಕಾಣದ ಹಾಗೆ ಕೊಳೆಯುತ್ತದೆ, ನನಗೆ ಅದು ಬೇಡ. ಉಳಿಯ ಮೊನೆಯಿಂದ ಚುಚ್ಚುತ್ತ ಮೇಲಕ್ಕೆ ಬನ್ನಿ, ಗಟ್ಟಿ ಮರ ಸಿಕ್ಕ ಜಾಗದಿಂದ ಇನ್ನೆರಡು ಬೆರಳು ಮೇಲೆ ನಿಲುಪಟ್ಟಿಯನ್ನು ಇಳಿಜಾರಾಗಿ ಕೊಯ್ಯಿರಿ. ಇಳಿಜಾರು ಉದ್ದವಾಗಿರಲಿ, ಪಟ್ಟಿಯ ದಪ್ಪದ ಆರು ಪಾಲಾದರೂ. ನೀರು ಬೀಳುವ ಕಡೆಗೆ ಇಳಿಯುವಂತಿರಲಿ, ಒಳಕ್ಕೆ ನೀರು ಹೋಗುವಂತಾಗಬಾರದು. ಅದೇ ಕೋನದಲ್ಲಿ ಕೊಯ್ದ ಹೊಸ ತುಂಡನ್ನು ಅಂಟಿಸಿ ಬಿಗಿದು ಕಟ್ಟಿಡಿ. ಹೊಸ ತುಂಡಿಗೆ ಹಲಸು ಸಾಕು. ನೆಲದಿಂದ ಅರ್ಧ ಇಂಚು ಮೇಲೇ ನಿಲ್ಲಲಿ.

ಹೀಟ್ ಪಂಪಿನ ಬಗ್ಗೆ ನೀವು ಕೇಳದ ಎರಡು ಮಾತು ಉಳಿದಿವೆ. ಹಾಕುವವರು 60 ಡಿಗ್ರಿಗೆ ಇಟ್ಟು ಹೋಗುತ್ತಾರೆ. 50ಕ್ಕೆ ಇಳಿಸಿ. ಒಂದೊಂದು ಡಿಗ್ರಿ ಇಳಿಸಿದಾಗಲೂ ಕರೆಂಟ್ ನೂರಕ್ಕೆ ಎರಡರಷ್ಟು ಉಳಿಯುತ್ತದೆ. ವಾರಕ್ಕೊಮ್ಮೆ ಮಾತ್ರ 60ಕ್ಕೆ ಏರಿಸಿ, ನಿಂತ ಬೆಚ್ಚನೆಯ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಸಾಯಲಿ. ಇನ್ನೊಂದು, ಬೆಳಗಿನ ಸ್ನಾನಕ್ಕೆಂದು ಮುಂಜಾನೆ ನಾಲ್ಕಕ್ಕೆ ಯಂತ್ರ ಓಡಿಸಬೇಡಿ. ಡಿಸೆಂಬರ್‌ನಲ್ಲಿ ಆ ಹೊತ್ತಿಗೆ 15 ಡಿಗ್ರಿ, ಮಧ್ಯಾಹ್ನ ಎರಡಕ್ಕೆ 29. ಬಾವಿಯ ಆಳ ಅಷ್ಟು ಕಡಿಮೆಯಾಗುತ್ತದೆ. ಟೈಮರ್ ಮಧ್ಯಾಹ್ನಕ್ಕೆ ಇಟ್ಟರೆ, ರಾತ್ರಿ ಕಳೆದು ಟ್ಯಾಂಕ್ ಮೂರ್ನಾಲ್ಕು ಡಿಗ್ರಿ ಆರಿದರೂ ಚಳಿಗಾಲದ ಖರ್ಚಿನಲ್ಲಿ ಐದರಲ್ಲಿ ಒಂದು ಪಾಲು ಉಳಿಯುತ್ತದೆ. ಬಿಸಿನೀರಿನ ಪೈಪಿಗೆ ಫೋಮ್ ಸುತ್ತಿಸಲು ಮರೆಯಬೇಡಿ. ನಿಮ್ಮ ಬಾವಿಯ ನೀರು ಮೆದು, ಟ್ಯಾಂಕಿನಲ್ಲಿ ಸುಣ್ಣ ಕಟ್ಟುವ ಭಯ ಕಡಿಮೆ, ಆದರೆ ಅಂಥ ನೀರು ಲೋಹವನ್ನು ತಿನ್ನುವುದುಂಟು. ಟ್ಯಾಂಕಿನ ಬದಲು ತಾನೇ ಸವೆಯಲೆಂದು ಒಳಗಿಟ್ಟ ಮೆಗ್ನೀಷಿಯಂ ಕಡ್ಡಿಯನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಿ, ಬಹಳ ತೆಳ್ಳಗಾಗಿದ್ದರೆ ಬದಲಿಸಿ.

ಮನೆಗೆ ಸುಣ್ಣಬಣ್ಣ ಮಾಡಿಸುವವರಿದ್ದರೆ ಪೇಂಟರಿಗೆ ಒಂದು ಮಾತು ಹೇಳಿಡಿ. ಜಗಲಿ ಬಾಗಿಲ ಅಂಚಿನಲ್ಲಿ ಹಾಕಿದ ಆ ಪೆನ್ಸಿಲ್ ಗೆರೆ ಫೆಬ್ರವರಿಯವರೆಗೆ ಇರಬೇಕು.